ಹೊರದೇಶದವರ ಬಾಗಿಲು ತಟ್ಟೋದು ತಪ್ಪಾ?

ಶಿರಸಿಯವಳು:
ನಮ್ಮ ಅಕ್ಕ ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ನರ್ಸ್. ಮೊನ್ನೆ ಫೋನಿನಲ್ಲಿ ಪಕ್ಕದ ಮನೆ ಅಜ್ಜಿಯ ವಿಷಯ ಹೇಳಿದಳು. ಬ್ರಿಟನ್ನಿನಲ್ಲೇ ಇರಬೇಕು ಅನ್ನುವವರಿಗೂ ಐರ್ಲೆಂಡಿಗೆ ಸೇರಬೇಕು ಅನ್ನುವವರಿಗೂ ಕಾದಾಟ ನಡೆಯುತ್ತಿದ್ದ ಎಪ್ಪತ್ತರ ದಶಕದಲ್ಲಿ ಅಜ್ಜಿಯ ತಮ್ಮನನ್ನು ಯಾರೋ ಗುಂಡಿಟ್ಟು ಕೊಂದರಂತೆ. ಕೊಂದವರಿಗೆ ಪೊಲೀಸರ ಕಡೆಯಿಂದಲೇ ಸುಳಿವು ಹೋಗಿತ್ತು ಅನ್ನೋ ಅನುಮಾನ ಮನೆಯವರಿಗೆ ಇವತ್ತಿಗೂ ಇದೆ. ತಮ್ಮನ ಫೋಟೋ ಯಾವಾಗಲೂ ಅಜ್ಜಿಯ ಕೈಚೀಲದಲ್ಲೇ ಇರುತ್ತದೆ, ಪ್ಲಾಸ್ಟಿಕ್ ಕವರಿನೊಳಗೆ. ಮಡಚಿ ಮಡಚಿ ಒಂದು ಮೂಲೆ ಬೆಳ್ಳಗಾಗಿದೆಯಂತೆ.

ಇಂಥ ಮನೆಗಳವರು ಅಮೆರಿಕದ ಸಂಸದರ ಹತ್ತಿರ ಹೋಗಿ ಅಹವಾಲು ಹೇಳುತ್ತಾರಂತೆ. ಆಯಿ ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುತ್ತಾ ಕೇಳಿಸಿಕೊಂಡಳು. "ಮನೆ ಸುದ್ದಿ ಊರಿಗೆಲ್ಲ ಹೇಳಿ ಎಂತ ಸಿಕ್ತೇ ಕೂಸೆ?" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಏನಾದರೂ ಸಿಗುತ್ತದಾ?

ಕಾರವಾರದ ವಕೀಲ:
ಸಿಗುತ್ತದೆ, ತುಂಬಾ ನಿಧಾನವಾಗಿ. ಪ್ಯಾಟ್ ಫಿನುಕೇನ್ ಅಂತ ಬೆಲ್‌ಫಾಸ್ಟಿನ ವಕೀಲರಿದ್ದರು. 1989ರ ಫೆಬ್ರವರಿ 12, ಭಾನುವಾರ. ಹೆಂಡತಿ, ಮೂವರು ಮಕ್ಕಳ ಜೊತೆ ಊಟಕ್ಕೆ ಕೂತಿದ್ದಾಗ ಬಾಗಿಲು ಒಡೆದು ಒಳಗೆ ನುಗ್ಗಿ 14 ಗುಂಡು ಹೊಡೆದರು. ವಕೀಲನಾಗಿ ನನಗೆ ಆ ಊಟದ ಮೇಜು ಮರೆಯೋಕಾಗಲ್ಲ.

ಕೊಂದಿದ್ದು ಬ್ರಿಟನ್ ಪರದ ಒಂದು ಸಶಸ್ತ್ರ ಗುಂಪು. ಅದರೊಳಗೆ ಬ್ರಿಟಿಷ್ ಸೈನ್ಯದ ಏಜೆಂಟ್ ಇದ್ದ, ಪೊಲೀಸ್ ಮಾಹಿತಿದಾರರೂ ಇದ್ದರು. 2004ರಲ್ಲಿ ಕೆನಡಾದ ನ್ಯಾಯಮೂರ್ತಿ ಪೀಟರ್ ಕೋರಿ ಬಹಿರಂಗ ವಿಚಾರಣೆ ಆಗಲೇಬೇಕು ಅಂದರು. ಬ್ರಿಟಿಷ್ ಸರ್ಕಾರ ಮಾಡಲಿಲ್ಲ. ಫಿನುಕೇನ್ ಅವರ ಹೆಂಡತಿ ಜೆರಾಲ್ಡಿನ್, ಮಕ್ಕಳು ಬಿಡಲಿಲ್ಲ. ವಾಷಿಂಗ್ಟನ್ನಿಗೂ ಹೋದರು. 2006ರಲ್ಲಿ ಅಮೆರಿಕದ ಕೆಳಮನೆ ವಿಚಾರಣೆ ನಡೆಸಿ ಅಂತ ನಿರ್ಣಯವನ್ನೇ ಮಾಡಿತು. 2012ರಲ್ಲಿ ಪ್ರಧಾನಿ ಕ್ಯಾಮರೂನ್ ಸಂಸತ್ತಿನಲ್ಲಿ ಸರ್ಕಾರದವರ ಶಾಮೀಲನ್ನು ಒಪ್ಪಿಕೊಂಡು ಕ್ಷಮೆ ಕೇಳಿದರು. ಬಹಿರಂಗ ವಿಚಾರಣೆಯ ಘೋಷಣೆ ಬಂದಿದ್ದು 2024ರ ಸೆಪ್ಟೆಂಬರ್‌ನಲ್ಲಿ. 35 ವರ್ಷ!

ಹೊಳೆಸಾಲಿನವ:
ಅಮೆರಿಕದವರು ತಮ್ಮ ವೋಟಿಗಾಗಿ ಮೂಗು ತೂರಿಸುತ್ತಾರೆ ಅಷ್ಟೇ. ಅಲ್ಲಿ ಐರಿಷ್ ಮೂಲದವರು ಜಾಸ್ತಿ.

ಕಾರವಾರದ ವಕೀಲ:
ವೋಟಿನ ಲೆಕ್ಕವೂ ಇದೆ, ಇಲ್ಲ ಅನ್ನಲ್ಲ. ಆದರೆ ಉತ್ತರ ಐರ್ಲೆಂಡಿನ ಆ ಕಾದಾಟ ನಿಲ್ಲಿಸೋಕೆ ಮಾಡಿದ 1998ರ ಶಾಂತಿ ಒಪ್ಪಂದದ ಮಾತುಕತೆಗೆ ಅಧ್ಯಕ್ಷರಾಗಿದ್ದವರೇ ಅಮೆರಿಕದ ಮಾಜಿ ಸೆನೆಟರ್ ಜಾರ್ಜ್ ಮಿಚೆಲ್. ಪಂಚಾಯ್ತಿಗೆ ಕರೆದವರನ್ನು ಆಮೇಲೆ ನಿಮಗೇನು ಸಂಬಂಧ ಅನ್ನೋಕಾಗುತ್ತಾ? ಅವರು ಬ್ರಿಟನ್ನಿಗೆ ಆಜ್ಞೆ ಮಾಡೋಕಾಗಲ್ಲ, ನಿಜ. ಆದರೆ ಅಲ್ಲಿ ಹೇಳಿದ ಮಾತು ದಾಖಲೆಗೆ ಸೇರುತ್ತದೆ. ತಪ್ಪು ಮಾಡಿದ ಮನೆಯ ಯಜಮಾನನ ಹತ್ತಿರವೇ ದೂರು ಕೊಡು ಅಂದರೆ ಅದು ಯಾವ ನ್ಯಾಯ?

ಅಂಕೋಲೆಯವನು:
ಶಾಮೀಲಿನ ವಿಷಯ ಬೇರೆ, ಎರಡನ್ನೂ ಒಂದೇ ಅನ್ನುತ್ತಿಲ್ಲ. ಆದರೆ ಹೊರಗಿನವರ ಒತ್ತಡ ಅಂದರೇನು ಅಂತ ನಾನು ನಮ್ಮ ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ ನೋಡಿದ್ದೇನೆ. 2024ರ ಜುಲೈ 16ಕ್ಕೆ ಗುಡ್ಡ ಕುಸಿಯಿತು. ಕೇರಳದ ಲಾರಿ ಚಾಲಕನೂ ಕಾಣೆಯಾದ. ಅಲ್ಲಿಂದ ಮಂತ್ರಿಗಳು, ಶಾಸಕರು, ಟಿವಿಯವರು ಬಂದರು. ದಿನಾ ಅದೇ ಪ್ರಶ್ನೆ: ಎಲ್ಲಿದ್ದಾನೆ? ನಾನು ಮಳೆಯಲ್ಲಿ ರಸ್ತೆ ಬದಿ ನಿಂತಿರುತ್ತಿದ್ದೆ. ಕೊಡೆ ಹಿಡಿದ ಒಬ್ಬ ಹುಡುಗ ಫೋನು ಕಿವಿಗೆ ಒತ್ತಿಕೊಂಡು ಮಲಯಾಳಂನಲ್ಲಿ ಮನೆಗೆ ಸುದ್ದಿ ಹೇಳುತ್ತಿದ್ದ, ಹೇಳೋಕೆ ಸುದ್ದಿ ಇಲ್ಲದ ದಿನವೂ. 71 ದಿನ ಕಳೆದ ಮೇಲೆ, ಗೋವಾದಿಂದ ತಂದ ಡ್ರೆಜರ್‌ನಿಂದ ಹುಡುಕಿ ಗಂಗಾವಳಿ ನದಿಯಿಂದ ಲಾರಿ ಮೇಲೆತ್ತಿದರು. ನಮ್ಮವರೇ ಇಬ್ಬರು ಆಗಲೂ ಸಿಕ್ಕಿರಲಿಲ್ಲ. ಅವರ ಮನೆಯವರೂ ಅದೇ ದಡದಲ್ಲಿ ನಿಂತಿದ್ದರು. ಆ ಗದ್ದಲ ಇಲ್ಲದಿದ್ದರೆ ಹುಡುಕಾಟ ಅಷ್ಟು ದಿನ ನಡೆಯುತ್ತಿರಲಿಲ್ಲ ಅಂತಲೇ ನನ್ನ ನಂಬಿಕೆ. ನಿಮ್ಮ ಆಯಿಗೆ ಇದನ್ನು ಹೇಳಿ.

ಶಿರಸಿಯವಳು:
ಎಲ್ಲವನ್ನೂ ಓದಿ ಹೇಳಿದೆ. ಶಿರೂರಿನ ವಿಷಯ ಬಂದಾಗ ಆಯಿ ಅಡಿಕೆ ಸುಲಿಯೋದು ನಿಲ್ಲಿಸಿದಳು. ಸ್ವಲ್ಪ ಹೊತ್ತು ಬಿಟ್ಟು, ಬೆಲ್‌ಫಾಸ್ಟಿನ ಅಜ್ಜಿಯ ತಮ್ಮನ ಹೆಸರು ಎಂತದು ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ. ಇವತ್ತು ರಾತ್ರಿ ಅಕ್ಕನ ಹತ್ತಿರ ಕೇಳುತ್ತೇನೆ.