ಕಲ್ಲಿದ್ದಲು ಗಣಿ ಕಾರ್ಮಿಕ: ಎಫ್‌ಇವಿ1 (ಮೊದಲ ಸೆಕೆಂಡಲ್ಲಿ ಊದೋ ಗಾಳಿ) ಮಿತಿಗೆ ಇಳಿದಿಲ್ಲ, ಆದ್ರೂ ಏದುಸಿರು. ಮುಂದಿನ ಪರೀಕ್ಷೆ ಯಾವುದು?

ಪಲ್ಮೋ_ಪಿಜಿ: ಅಮೆರಿಕದ ಬ್ಲ್ಯಾಕ್ ಲಂಗ್ (ಕಲ್ಲಿದ್ದಲು ಧೂಳಿನ ಶ್ವಾಸಕೋಶ ಕಾಯಿಲೆ) ಪರಿಹಾರದ ನಿಯಮ ಓದೋದಕ್ಕೆ ಒಂದು ಮಾದರಿ ಕೇಸ್ ಇಟ್ಕೊಂಡಿದ್ದೀನಿ. ವಯಸ್ಸು 58, ನೆಲದಡಿಯ ಗಣಿಯಲ್ಲಿ 22 ವರ್ಷ ದುಡಿಮೆ. ಎಕ್ಸ್‌-ರೇ ಐಎಲ್‌ಒ 1/1 (ಧೂಳಿನ ಮಚ್ಚೆಗಳನ್ನ 0ರಿಂದ 3ರವರೆಗೆ ಅಳೆಯೋ ಅಂತರರಾಷ್ಟ್ರೀಯ ಶ್ರೇಣಿಯಲ್ಲಿ ಕೆಳಗಿನ ಹಂತ). ಎಫ್‌ಇವಿ1 ನಿರೀಕ್ಷಿತದ 66%, ಎಫ್‌ಇವಿ1/ಎಫ್‌ವಿಸಿ (ಎಫ್‌ವಿಸಿ ಅಂದ್ರೆ ಪೂರ್ತಿ ಊದಿದ ಒಟ್ಟು ಗಾಳಿ) 62%. ಸುಮ್ಮನೆ ಕೂತಾಗ ರಕ್ತದ ಆಮ್ಲಜನಕದ ಒತ್ತಡ (ಪಿಒ2) 68, ಇಂಗಾಲದ ಡೈಆಕ್ಸೈಡ್‌ನ ಒತ್ತಡ (ಪಿಸಿಒ2) 38. ಒಂದು ಮಹಡಿ ಹತ್ತಿದ್ರೆ ಏದುಸಿರು. ಪೂರ್ಣ ಅಸಾಮರ್ಥ್ಯ ಅನ್ನಬಹುದಾ?

ಧೂಳುಮಾಪಕ: ಇಷ್ಟರಲ್ಲೇ ಆಗಲ್ಲ. ಎಕ್ಸ್‌-ರೇ ಕಾಯಿಲೆ ಇದೆ ಅನ್ನುತ್ತೆ, ಉಸಿರಾಟ ಎಷ್ಟು ಕುಗ್ಗಿದೆ ಅಂತ ಹೇಳಲ್ಲ. 1/1 ಇದ್ದೂ ಆರಾಮಾಗಿರೋರು ಇದ್ದಾರೆ. 0/0 (ಮಚ್ಚೆ ಇಲ್ಲ) ಇದ್ದೂ ಧೂಳಿನ ಎಂಫಿಸೀಮಾದಿಂದ (ಗಾಳಿಚೀಲಗಳ ಹಾನಿ) ಹೈರಾಣಾದವರೂ ಇದ್ದಾರೆ. ಒಂದೇ ಅಪವಾದ: ಧೂಳಿನಿಂದಾಗೋ ಶ್ವಾಸಕೋಶ ಕಾಯಿಲೆಯಾದ ನ್ಯುಮೊಕೊನಿಯೋಸಿಸ್‌ನದೇ ಆದ, 1 ಸೆಂ.ಮೀ. ಮೀರಿದ ಮಚ್ಚೆ (ಗಾತ್ರದ ಎ, ಬಿ, ಸಿ ವರ್ಗ) ಇದ್ರೆ ಉಳಿದ ಅಂಕಿ ಏನೇ ಇರಲಿ, ಪೂರ್ಣ ಅಸಾಮರ್ಥ್ಯ ಅಂತ ಕಾನೂನು ಒಪ್ಪುತ್ತೆ. ಹಳೇ ಟಿಬಿ ಕಲೆ, ಕ್ಯಾನ್ಸರ್ ಹಾಗೇ ಕಾಣೋದ್ರಿಂದ ಸಿಟಿ ನೋಡದೆ ಬರೀಬೇಡಿ.

ಸ್ಪೈರೋಮೆಟ್ರಿಯಲ್ಲಿ (ಊದಿಸೋ ಪರೀಕ್ಷೆ) ಎಫ್‌ಇವಿ1 ನಿಯಮದ ಕೋಷ್ಟಕದ ಮಿತಿಯಲ್ಲಿ ಅಥವಾ ಅದಕ್ಕಿಂತ ಕೆಳಗಿರಬೇಕು. ಜೊತೆಗೆ ಎಫ್‌ವಿಸಿ ಇಲ್ಲವೇ ಎಂವಿವಿ (ನಿಮಿಷಕ್ಕೆ ಗರಿಷ್ಠ ಎಷ್ಟು ಗಾಳಿ ಉಸಿರಾಡಬಲ್ಲರು ಅನ್ನೋದು) ಕೂಡ ಹಾಗೇ ಇರಬೇಕು, ಅಥವಾ ಅನುಪಾತ 55% ಇಲ್ಲವೇ ಕಡಿಮೆ. ಮೆಷಿನ್ ಮುದ್ರಿಸೋ ಶೇಕಡಾ ನಂಬಬೇಡಿ, ಅದರ ಸಮೀಕರಣವೇ ಬೇರೆ. ಲೀಟರ್ ತಗೊಂಡು ವಯಸ್ಸು, ಲಿಂಗ, ಎತ್ತರದ ಸಾಲಿನಲ್ಲಿ ಹೋಲಿಸಿ. ಎತ್ತರ ಚಪ್ಪಲಿ ಬಿಚ್ಚಿಸಿ ಅಳೀರಿ.

ಸ್ಪೈರೋ_ಟೆಕ್: ಗ್ರಾಫ್ ಹೇಗಿದೆ ಅಂತ ಯಾರೂ ಕೇಳಲ್ವಲ್ಲ! ಒಪ್ಪತಕ್ಕ ಮೂರು ಊದು ಬೇಕು. ಅದರಲ್ಲಿ ದೊಡ್ಡ ಎರಡು ಎಫ್‌ಇವಿ1 ನಡುವಿನ ವ್ಯತ್ಯಾಸ 5% ಅಥವಾ 100 ಮಿ.ಲೀ., ಯಾವುದು ಹೆಚ್ಚೋ ಅದನ್ನ ದಾಟಬಾರದು. ಮೊದಲ ಸೆಕೆಂಡಲ್ಲಿ ಕೆಮ್ಮಿದ್ರೆ ಆ ಊದು ಲೆಕ್ಕಕ್ಕಿಲ್ಲ. ಬೇಗ ನಿಲ್ಲಿಸಿದ್ರೆ ಎಫ್‌ವಿಸಿ ಕುಗ್ಗಿ ಅನುಪಾತ ಸುಳ್ಳೇ ಏರುತ್ತೆ, ಅಡಚಣೆ ಮುಚ್ಚಿಹೋಗುತ್ತೆ. ನೆಗಡಿ, ಎದೆ ಸೋಂಕು ಇದ್ರೆ ಪರೀಕ್ಷೆ ಮುಂದಕ್ಕೆ ಹಾಕಿ.

ಧೂಳುಮಾಪಕ: ಈಗ ರಕ್ತದ ಅನಿಲ. ಪರೀಕ್ಷೆ ನಡೆಯೋ ಜಾಗ ಸಮುದ್ರಮಟ್ಟದಿಂದ 2,999 ಅಡಿ ಎತ್ತರದವರೆಗಿದ್ದು, ಪಿಸಿಒ2 25ರಿಂದ 40ರೊಳಗಿದ್ರೆ ಸುಲಭದ ಲೆಕ್ಕ: 100ರಿಂದ ಪಿಸಿಒ2 ಕಳೀರಿ. 38ಕ್ಕೆ ಮಿತಿ 62. ನಿಮ್ಮ 68 ಇನ್ನೂ ಮೇಲಿದೆ. ಹೃದಯದ ತೊಂದರೆ ಇಲ್ಲದಿದ್ರೆ ವ್ಯಾಯಾಮ ಮಾಡಿಸಿ. ಅವರು ಓಡ್ತಿರುವಾಗಲೇ ರಕ್ತ ತೆಗೀಬೇಕು. ಓಟ ನಿಲ್ಲಿಸಿದ ಮೇಲೆ ತೆಗೆದ್ರೆ ಪಿಒ2 ಚಕ್ಕನೆ ಏರಿಬಿಡುತ್ತೆ. ಮೊದಲೇ ಅಪಧಮನಿಗೆ ಲೈನ್ (ತೆಳು ಕೊಳವೆ) ಹಾಕಿಟ್ಟುಕೊಳ್ಳೋದು ವಾಸಿ.

ಪಲ್ಮೋ_ಪಿಜಿ: ಓಡುವಾಗ ಪಿಒ2 61, ಪಿಸಿಒ2 37 ಬಂದ್ರೆ?

ಧೂಳುಮಾಪಕ: ಮಿತಿ 63, ಅಂದ್ರೆ ಅಸಾಮರ್ಥ್ಯದ ಮಟ್ಟ ಮುಟ್ಟಿತು. ನೆಲದಡಿ 15 ವರ್ಷ ದಾಟಿರೋದ್ರಿಂದ ಅದಕ್ಕೆ ಗಣಿಧೂಳೇ ಕಾರಣ ಅಂತ ಕಾನೂನು ಊಹಿಸುತ್ತೆ. ಅಲ್ಲ ಅಂತ ತೋರಿಸೋ ಹೊಣೆ ಎದುರು ಪಕ್ಷದ್ದು. ಸಿಗರೇಟಿನ ಲೆಕ್ಕ ಆಗ ಅವರೇ ಎತ್ತುತ್ತಾರೆ, ದಿನಕ್ಕೆಷ್ಟು, ಎಷ್ಟು ವರ್ಷ ಅಂತ ಈಗಲೇ ವರದಿಯಲ್ಲಿ ಬರೆದಿಡಿ.