ಮುಷ್ಟಿಯಲ್ಲಿ ಬಲವಿದೆ, ಆದರೂ ಗುಂಡಿ ಹಾಕಲಾಗುತ್ತಿಲ್ಲ

ಪ್ರಶ್ನೆ:
ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಮಿದುಳು ಮತ್ತು ಮಿದುಳುಬಳ್ಳಿಯ ನರಗಳ ಹೊದಿಕೆ ಹಾಳಾಗುವ ಕಾಯಿಲೆ) ಇರುವುದು ತಿಳಿದು ಆರು ವರ್ಷಗಳಾದವು. ನಡಿಗೆಯಲ್ಲಿ ಹೇಳಿಕೊಳ್ಳುವಂಥ ತೊಂದರೆಯಿಲ್ಲ, ಆದರೆ ಬಲಗೈ ಬೆರಳುಗಳಿಗೆ ಸ್ಪರ್ಶ ಸರಿಯಾಗಿ ತಿಳಿಯುವುದಿಲ್ಲ. ಜೇಬಿಗೆ ಕೈ ಹಾಕಿದರೆ ಬೆರಳಿಗೆ ಸಿಕ್ಕಿದ್ದು ನಾಣ್ಯವೋ ಬೀಗದ ಕೈಯೋ ಎಂಬುದು ಹೊರತೆಗೆದು ನೋಡುವವರೆಗೂ ಗೊತ್ತಾಗುವುದಿಲ್ಲ. ಕಣ್ಣಿಗೆ ಕಾಣುವ ಗುಂಡಿಗಳನ್ನು ಹೇಗೋ ಹಾಕಿಕೊಳ್ಳುತ್ತೇನೆ, ಕೊರಳಿನ ಗುಂಡಿಗೆ ಮಾತ್ರ ಇನ್ನೊಬ್ಬರನ್ನು ಕರೆಯಬೇಕಾಗುತ್ತದೆ. ಪರೀಕ್ಷೆಯಲ್ಲಿ ಮುಷ್ಟಿಯ ಬಲ ಸರಿಯಾಗಿದೆ ಎಂದರು. ಹಾಗಿದ್ದರೆ ಕೈ ಏಕೆ ಹೀಗಾಗಿದೆ? ಮೆತ್ತನೆಯ ಚೆಂಡನ್ನು ಹಿಸುಕುವ ವ್ಯಾಯಾಮದಿಂದ ಪ್ರಯೋಜನವಿದೆಯೇ?

ಉತ್ತರ 1:
ನಾನು ಪುನಶ್ಚೇತನ ಚಿಕಿತ್ಸೆಯ ಕ್ಷೇತ್ರದಲ್ಲಿ ಕೆಲಸ ಮಾಡುತ್ತೇನೆ. ಕೈಕೆಲಸಕ್ಕೆ ಬಲವಷ್ಟೇ ಸಾಲದು. ಬೆರಳು ಎಲ್ಲಿದೆ, ಏನನ್ನು ಮುಟ್ಟುತ್ತಿದೆ, ಎಷ್ಟು ಒತ್ತುತ್ತಿದೆ ಎಂಬ ಸುದ್ದಿ ಮಿದುಳಿಗೆ ಕ್ಷಣಕ್ಷಣವೂ ತಲುಪುತ್ತಿರಬೇಕು. ಆ ಸುದ್ದಿ ಕತ್ತಿನ ಭಾಗದ ಮಿದುಳುಬಳ್ಳಿಯ ಹಿಂಬದಿಯ ನರತಂತುಗಳ ಮೂಲಕ ಸಾಗುತ್ತದೆ. ಅಲ್ಲಿ ನರಗಳ ಹೊದಿಕೆಯಾದ ಮಯಲಿನ್ ಹಾಳಾದರೆ, ಸ್ನಾಯು ಗಟ್ಟಿಯಾಗಿದ್ದರೂ ಕೈ ಕುರುಡಾದಂತಾಗುತ್ತದೆ. ನೀವು ಬರೆದದ್ದು ಇದನ್ನೇ ಹೋಲುತ್ತದೆ, ಆದರೆ ನರರೋಗ ತಜ್ಞರು ನೋಡಿಯೇ ಖಚಿತಪಡಿಸಬೇಕು. ಚೆಂಡು ಹಿಸುಕುವುದರಿಂದ ಹಿಡಿತದ ಬಲ ಹೆಚ್ಚಬಹುದು. ನಿಮ್ಮ ಕೊರತೆ ಅದಲ್ಲ. ಬಟ್ಟೆಯ ತುಂಡಿಗೆ ದೊಡ್ಡ ಗುಂಡಿಗಳನ್ನು ಹೊಲಿಸಿ, ಮೊದಲು ನೋಡುತ್ತಾ, ಅನಂತರ ಕಣ್ಣು ಮುಚ್ಚಿ ಹಾಕಿ ತೆಗೆಯುವಂಥ, ಕೆಲಸವನ್ನೇ ಹೋಲುವ ಅಭ್ಯಾಸ ಹೆಚ್ಚು ಸೂಕ್ತ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ಈ ಕಾಯಿಲೆಯ ತೀವ್ರತೆಯನ್ನು ಅಳೆಯಲು ಹೆಚ್ಚಾಗಿ ಬಳಸುವ, ನರರೋಗ ತಜ್ಞ ಕರ್ಟ್ಸ್ಕೆ ಅವರು 1983ರಲ್ಲಿ ಪ್ರಕಟಿಸಿದ ಇಡಿಎಸ್‌ಎಸ್ ಮಾಪನದಲ್ಲಿ (0ಯಿಂದ 10ರವರೆಗೆ ಅಂಕ ಕೊಡುವ ಅಳತೆ), 4 ಅಂಕ ದಾಟಿದ ಮೇಲೆ ನಡಿಗೆಯೇ ಮುಖ್ಯವಾಗುತ್ತದೆ. ಹೀಗಾಗಿ ಕೈಯ ಕಷ್ಟ ಲೆಕ್ಕಕ್ಕೆ ಬಾರದೆ ಉಳಿದುಬಿಡಬಹುದು. ಒಂಬತ್ತು ಕಡ್ಡಿಗಳನ್ನು ಒಂಬತ್ತು ರಂಧ್ರಗಳಿಗೆ ಒಂದೊಂದಾಗಿ ಇಟ್ಟು ತೆಗೆಯುವ ಪರೀಕ್ಷೆ ಮಾಡಿಸುವಂತೆ ನೀವೇ ಕೇಳಿ. ಎರಡೂ ಕೈಗಳಿಗೆ ಎಷ್ಟು ಸೆಕೆಂಡು ಬೇಕಾಯಿತೆಂದು ಬರೆಸಿಕೊಳ್ಳಿ. ಮುಂದೆ ಆ ಸಮಯದಲ್ಲಿ ಶೇ. 20ರಷ್ಟು ವ್ಯತ್ಯಾಸ ಕಂಡರೆ ಅದನ್ನು ಗಣನೀಯವೆಂದು ಪರಿಗಣಿಸುತ್ತಾರೆ.

ಉತ್ತರ 2:
ನನಗೂ ಇದೇ ಕಾಯಿಲೆ, ಆದರೆ ಕೈಯ ತೊಂದರೆ ಬೇರೆ. ಸುಮ್ಮನಿದ್ದಾಗ ಕೈ ಸ್ಥಿರವಾಗಿರುತ್ತದೆ, ಲೋಟ ತುಟಿಯ ಹತ್ತಿರ ಬಂದಂತೆಲ್ಲ ನಡುಕ ಹೆಚ್ಚುತ್ತದೆ. ಮೊಣಕೈಗಳನ್ನು ಮೇಜಿಗೆ ಊರಿ, ಮುಚ್ಚಳವಿರುವ ಲೋಟವನ್ನು ಎರಡೂ ಕೈಯಲ್ಲಿ ಹಿಡಿದ ಮೇಲೆಯೇ ನಾಲ್ಕು ಜನರ ನಡುವೆ ಕುಳಿತು ಕುಡಿಯುವ ಧೈರ್ಯ ಬಂದದ್ದು. ಬಿಸಿಲಿನಲ್ಲಿ ಓಡಾಡಿದ ದಿನ ಕೈ ಇನ್ನಷ್ಟು ಸೋಲುತ್ತದೆ, ಮೈ ತಂಪಾದ ಮೇಲೆ ಮೊದಲಿನಂತಾಗುತ್ತದೆ. ಆದರೆ ಹೊಸ ಮರಗಟ್ಟುವಿಕೆಯೋ ದೌರ್ಬಲ್ಯವೋ 24 ಗಂಟೆಗೂ ಮೀರಿ ಉಳಿದರೆ ಅದು ಕಾಯಿಲೆ ಮರುಕಳಿಸಿದ್ದಿರಬಹುದು, ತಡಮಾಡದೆ ವೈದ್ಯರಿಗೆ ತಿಳಿಸಿ. ಸ್ಪರ್ಶ ಮಂದವಾಗಿರುವ ಕೈಯಿಂದ ಬಿಸಿನೀರಿನ ಹದ ನೋಡಲೇಬೇಡಿ. ಸುಟ್ಟದ್ದು ನನಗೆ ಗುಳ್ಳೆ ಎದ್ದ ಮೇಲೆಯೇ ತಿಳಿದದ್ದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಇಷ್ಟು ದಿನ ಬಲ ಸಾಲದೆಂದೇ ತಿಳಿದು, ಬೆರಳು ನೋಯುವವರೆಗೂ ಚೆಂಡು ಹಿಸುಕುತ್ತಿದ್ದೆ. ಮುಂದಿನ ಭೇಟಿಯಲ್ಲಿ ಕಡ್ಡಿ ಪರೀಕ್ಷೆಯನ್ನು ಕೇಳುತ್ತೇನೆ. ಇಂದಿನಿಂದ ನೀರಿನ ಹದವನ್ನು ಎಡಗೈಯಿಂದಲೇ ನೋಡುತ್ತೇನೆ.