ಸಹಾಯ ಬೇಕು: ಅಮೆರಿಕದ ಚುನಾವಣಾ ಸಮೀಕ್ಷೆಗಳಲ್ಲಿ ಧ್ರುವೀಕರಣವನ್ನು ಅಳೆಯುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಅಮೆರಿಕನ್ ನ್ಯಾಷನಲ್ ಎಲೆಕ್ಷನ್ ಸ್ಟಡೀಸ್ ಸಮೀಕ್ಷೆಯ ದತ್ತಾಂಶದಿಂದ ಅಲ್ಲಿನ ಮತದಾರರ ನಡುವಿನ ಧ್ರುವೀಕರಣವನ್ನು ಅಳೆಯುವ ಕೆಲಸದಲ್ಲಿ ತೊಡಗಿದ್ದು, ಸಂಖ್ಯಾಶಾಸ್ತ್ರ ಬಲ್ಲವರ ಸಲಹೆ ಬೇಕಾಗಿದೆ.

ಈ ಸಮೀಕ್ಷೆಯು 1978ರಿಂದ ಡೆಮಾಕ್ರಟಿಕ್ ಮತ್ತು ರಿಪಬ್ಲಿಕನ್ ಪಕ್ಷಗಳ ಬಗ್ಗೆ ಜನರಿಗಿರುವ ಭಾವನೆಯನ್ನು 0ಯಿಂದ 100ರವರೆಗಿನ ‘ಥರ್ಮಾಮೀಟರ್’ ಅಂಕಗಳಲ್ಲಿ (ಅಂಕ ಹೆಚ್ಚಿದಷ್ಟೂ ಒಲವು ಹೆಚ್ಚು) ಕೇಳುತ್ತ ಬಂದಿದೆ. ಸ್ವಂತ ಪಕ್ಷಕ್ಕೆ ಕೊಟ್ಟ ಅಂಕದಿಂದ ಎದುರು ಪಕ್ಷದ ಅಂಕವನ್ನು ಕಳೆದಾಗ ಸಿಗುವ ಅಂತರವೇ ನನ್ನ ಅಳತೆ. ಈ ಅಂತರ ಹಿಗ್ಗಿರುವುದು ಸ್ವಪಕ್ಷದ ಮೇಲಿನ ಪ್ರೀತಿ ಹೆಚ್ಚಿದ್ದರಿಂದಲ್ಲ, ಮುಖ್ಯವಾಗಿ ಎದುರು ಪಕ್ಷದ ಅಂಕ ಕುಸಿದಿದ್ದರಿಂದ.

ಆದರೆ 2012ರಲ್ಲಿ ಮುಖಾಮುಖಿ ಸಂದರ್ಶನದ ಜೊತೆಗೆ ಅಂತರ್ಜಾಲದಲ್ಲಿ ಉತ್ತರಿಸುವವರ ಮಾದರಿಯೂ (ಸ್ಯಾಂಪಲ್) ಸೇರಿತು, 2020ರಲ್ಲಿ ಕೋವಿಡ್ ಕಾರಣದಿಂದ ಮುಖಾಮುಖಿ ಸಂದರ್ಶನವೇ ನಿಂತಿತು. ಎದುರಿಗೆ ಕುಳಿತವರ ಮುಂದೆ ಕಟುವಾದ ಅಂಕ ಹೇಳಲು ಹಿಂಜರಿಯುವವರು ಪರದೆಯ ಮೇಲೆ ನಿಸ್ಸಂಕೋಚವಾಗಿ ಸೊನ್ನೆ ಕೊಡಬಹುದು. ಹಾಗಾದರೆ ಏರಿಕೆಯಲ್ಲಿ ನಿಜವಾದ ಬದಲಾವಣೆ ಎಷ್ಟು, ವಿಧಾನದ ಪರಿಣಾಮ ಎಷ್ಟು ಎಂದು ಬೇರ್ಪಡಿಸುವುದು ಹೇಗೆ? 2016ರವರೆಗಿನ ಮುಖಾಮುಖಿ ಉತ್ತರಗಳನ್ನಷ್ಟೇ ಇಟ್ಟುಕೊಳ್ಳುವುದು ಸರಿಯೇ?

ಜೊತೆಗೆ, ಪ್ರತಿ ಸಲವೂ ಬಹುತೇಕ ಬೇರೆ ಜನರನ್ನೇ ಕೇಳುವುದರಿಂದ, ಮನಸ್ಸು ಬದಲಾಯಿತೋ ಪಕ್ಷದ ಬೆಂಬಲಿಗರೇ ಬದಲಾದರೋ ತಿಳಿಯುವುದಿಲ್ಲ. 2016 ಮತ್ತು 2020ರಲ್ಲಿ ಎರಡೂ ಬಾರಿ ಉತ್ತರಿಸಿದವರ ದತ್ತಾಂಶವನ್ನು ಇದಕ್ಕಾಗಿ ಬಳಸಿದ ಅನುಭವವಿದ್ದವರು ದಯವಿಟ್ಟು ತಿಳಿಸಬೇಕು. ಆರ್ ಭಾಷೆಯಲ್ಲಿ ಬರೆದ ಕೋಡ್ ಇದ್ದರೆ ಇನ್ನೂ ಉಪಕಾರವಾಗುತ್ತದೆ.